ತಾಯ್ತಂದೆಯರ ಹಾಡಿಗೆ ಮರಳಿದ ಗೆಳೆಯರು
(ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಸಂಗೀತವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ಸಂಗೀತಶಾಸ್ತ್ರವನ್ನು ಬಲ್ಲವನಲ್ಲ. ಆದುದರಿಂದ ದೂರದ ಅಮೆರಿಕದ ಕೆಲವು ಗೆಳೆಯರ ಕಥೆಯನ್ನು ತಮ್ಮ ಮುಂದಿಡುತ್ತೇನೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಟೆಕ್ಸಸ್ ಪ್ರಾಂತ್ಯಕ್ಕೆ ಬಂದು ನೆಲೆಸಿದ ಜರ್ಮನ್ ಮತ್ತು ಚೆಕ್ ಜನರು ಅಕಾರ್ಡಿಯನ್ ವಾದ್ಯವನ್ನೂ ಪೋಲ್ಕಾ ಕುಣಿತವನ್ನೂ ತಮ್ಮೊಡನೆ ತಂದರು. ತಿದಿಯ ಗಾಳಿಯಿಂದ ನುಡಿಯುವ ಈ ವಾದ್ಯವು ನಮ್ಮ ಹಾರ್ಮೋನಿಯಮ್ಮಿನ ಬಂಧುವೇ ಸರಿ. ಅಲ್ಲಿದ್ದ ಮೆಕ್ಸಿಕೊ ಮೂಲದ ಶ್ರಮಜೀವಿಗಳು ಅದನ್ನು ಕೈಗೆತ್ತಿಕೊಂಡು, ‘ಬಾಹೊ ಸೆಕ್ಸ್ತೊ’ ಎಂಬ ಹನ್ನೆರಡು ತಂತಿಗಳ ಗಿಟಾರಿನೊಡನೆ ಜೊತೆಗೂಡಿಸಿದರು. ಹೀಗೆ ಹುಟ್ಟಿದ ಸಂಗೀತವನ್ನು ಹೊರಗಿನವರು ‘ಟೆಕ್ಸ್-ಮೆಕ್ಸ್’ ಎಂದು ಕರೆದರು.

ನಾನು ಹೇಳಹೊರಟ ಗೆಳೆಯರಾದರೋ ಟೆಕ್ಸಸಿನವರಲ್ಲ. ಅವರು ಕ್ಯಾಲಿಫೋರ್ನಿಯದ ಪೂರ್ವ ಲಾಸ್ ಏಂಜಲೀಸ್ ಎಂಬ ಮೆಕ್ಸಿಕನ್ ಜನರ ಬಡಾವಣೆಯಲ್ಲಿ ಬೆಳೆದವರು: ಡೇವಿಡ್ ಹಿಡಾಲ್ಗೊ, ಲೂಯಿ ಪೆರೆಸ್, ಸೀಸರ್ ರೋಸಾಸ್, ಕಾನ್ರಾಡ್ ಲೊಸಾನೊ. ಫ್ರಾಂಕ್ ಗೊನ್ಸಾಲೆಸ್ ಎಂಬ ಇನ್ನೊಬ್ಬ ಗೆಳೆಯರೂ ಆರಂಭದಲ್ಲಿ ಜೊತೆಗಿದ್ದರು. ಆ ಕಾಲದ ತರುಣರೆಲ್ಲರಂತೆ ಇವರಿಗೂ ರಾಕ್ ಸಂಗೀತದ ಹುಚ್ಚು. ಮನೆಯಲ್ಲಿ ತಾಯ್ತಂದೆಯರು ಕೇಳುತ್ತಿದ್ದ ಹಾಡು ಹಳೆಯ ಕಾಲದ್ದೆಂದು ಅನಿಸಿದ್ದರೆ ಆಶ್ಚರ್ಯವೇನು?

1973ರಲ್ಲಿ ಈ ಗೆಳೆಯರು ಒಂದುಗೂಡಿ ಆ ಹಳೆಯ ಹಾಡುಗಳನ್ನೇ ಕಲಿಯಲು ಕುಳಿತರು. ಕಲಿಸಲು ಗುರುಗಳಿರಲಿಲ್ಲ. ಹಿರಿಯರ ಗ್ರಾಮಫೋನ್ ತಟ್ಟೆಗಳೇ ಗುರುಗಳಾದವು. ಸುಲಭವೆಂದು ತೋರಿದ ಹಾಡುಗಳು ಕಬ್ಬಿಣದ ಕಡಲೆಗಳಾದವು. ಮೂರರ ನಡೆಯೂ ಎರಡರ ನಡೆಯೂ ಒಂದರೊಳಗೊಂದು ಹೆಣೆದುಕೊಂಡ ಅಲ್ಲಿನ ತಾಳಗಳು ರಾಕ್ ಸಂಗೀತಕ್ಕೆ ಒಗ್ಗಿದ ಕೈಗಳಿಗೆ ದಕ್ಕುವಂತಹವಲ್ಲ. ಕಿವಿಗೆ ಬಾಲ್ಯದಿಂದ ಪರಿಚಿತವಾದುದು ಕೈಗೆ ಅಪರಿಚಿತವಾಗಿದ್ದಿತು!

ಆದರೂ ಅವರು ಬಿಡಲಿಲ್ಲ. ವರುಷಗಟ್ಟಲೆ ನೆರೆಹೊರೆಯ ಮದುವೆಮನೆಗಳಲ್ಲಿಯೂ ಸಂತೋಷಕೂಟಗಳಲ್ಲಿಯೂ ನುಡಿಸಿದರು. ‘ಲೋಸ್ ಲೋಬೋಸ್’, ಅಂದರೆ ‘ತೋಳಗಳು’, ಎಂಬುದು ಅವರ ತಂಡದ ಹೆಸರು. 1978ರ ಮೊದಲ ತಟ್ಟೆಯ ಮೇಲೆ ತಮ್ಮನ್ನು ‘ಪೂರ್ವ ಲಾಸ್ ಏಂಜಲೀಸಿನ ಮತ್ತೊಂದು ತಂಡ, ಅಷ್ಟೇ’ ಎಂಬರ್ಥದಲ್ಲಿ ಪರಿಚಯಿಸಿಕೊಂಡರು. ಬಳಿಕ ಹಿಡಾಲ್ಗೊ ಅವರ ಅಕಾರ್ಡಿಯನ್ನೂ ರಾಕ್ ಗಿಟಾರೂ ಒಂದೇ ವೇದಿಕೆಯಲ್ಲಿ ಕೂಡಿದವು. ಟೆಕ್ಸ್-ಮೆಕ್ಸ್ ಧಾಟಿಯ ‘ಅನ್ಸೆಲ್ಮಾ’ ಹಾಡಿಗೆ 1984ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. 1987ರಲ್ಲಿ ಚಲನಚಿತ್ರವೊಂದಕ್ಕಾಗಿ ಅವರು ಹಾಡಿದ ‘ಲಾ ಬಾಂಬಾ’ ಅಮೆರಿಕದಲ್ಲಿ ಪ್ರಥಮ ಸ್ಥಾನಕ್ಕೇರಿತು. ಅದೂ ಮೂಲತಃ ಮೆಕ್ಸಿಕೊದ ವೆರಾಕ್ರೂಸ್ ಸೀಮೆಯ ಜಾನಪದ ಗೀತೆಯೇ.

ಇಂತಹ ಕೀರ್ತಿ ಬಂದಾಗ ಅದೇ ಬಗೆಯ ಇನ್ನಷ್ಟು ಹಾಡುಗಳನ್ನು ಮಾಡಿ ಹಣ ಗಳಿಸುವುದು ಲೋಕರೂಢಿ. ಇವರು ಮಾಡಿದ್ದೇನು? ಮರುವರುಷವೇ ವಿದ್ಯುತ್ ಗಿಟಾರುಗಳನ್ನು ಬದಿಗಿರಿಸಿ, ಮದುವೆಮನೆಗಳ ಕಾಲದಲ್ಲಿ ಕಲಿತಂತಹ ಮೆಕ್ಸಿಕನ್ ಧಾಟಿಯ ಹಾಡುಗಳ ತಟ್ಟೆಯೊಂದನ್ನು ಹೊರತಂದರು. ಗೆಲುವು ತಂದುಕೊಟ್ಟ ಸ್ವಾತಂತ್ರ್ಯವನ್ನು ಅವರು ಋಣ ತೀರಿಸಲು ಬಳಸಿಕೊಂಡರು.

ಯುವಮಿತ್ರರೇ, ಹೊಸ ವಾದ್ಯ ಬೇಡವೆಂದು ನಾನು ಹೇಳುತ್ತಿಲ್ಲ. ಅಕಾರ್ಡಿಯನ್ ಕೂಡ ಒಮ್ಮೆ ಪರಕೀಯವೇ ಆಗಿದ್ದಿತು. ಆದರೆ ನಿಮ್ಮ ಅಜ್ಜಿಗೆ ಬಾಯಿಪಾಠವಿರುವ ಹಾಡನ್ನು ಯಾವ ತಟ್ಟೆಯಲ್ಲಿಯೂ ಯಾರೂ ಮುದ್ರಿಸಿಲ್ಲದೆ ಇರಬಹುದು. ಇಂದು ಸಂಜೆ ಮನೆಗೆ ಹೋದೊಡನೆ ಆಕೆಯ ಬಳಿ ಕುಳಿತು, “ಅಜ್ಜೀ, ಒಂದು ಹಾಡು ಹೇಳಿಕೊಡು” ಎಂದು ಕೇಳಿರಿ. ನಾಳೆಗೆಂದು ತಡಮಾಡಬೇಡಿರಿ.