ತಾಯ್ತನದ ಎರಡು ರೀತಿ



ಮೊನ್ನೆ ಹಿರೇಕೆರೂರ ಕಡೆಯ ತಾಯಿಯೊಬ್ಬಳು ಮಗನನ್ನು ನಮ್ಮ ಮಠದ ಪ್ರಸಾದನಿಲಯದಲ್ಲಿ ಬಿಡಲು ಬಂದಿದ್ದಳು. ಟ್ರಂಕು ಇಳಿಸಿ, ಬಾಗಿಲು ದಾಟಿದವಳು ತಿರುಗಿ ಬಂದು, “ಅಜ್ಜಾರ, ಹಡೆದ ಕೂಸನ್ನ ಬಿಟ್ಟು ಹೊಂಟೀನಿ, ನಾ ಎಂಥಾ ತಾಯಿ?” ಎಂದು ಅತ್ತಳು. ಅಂದು ನಮಗೆ ಮಾತು ಹೊರಡಲಿಲ್ಲ. ಇಂದು ಎರಡು ಜೀವಿಗಳನ್ನು ಮುಂದಿಟ್ಟು ಹೇಳುತ್ತೇವೆ.

ಕಾರವಾರದಲ್ಲಿ ಕಾಳಿನದಿ ಕಡಲು ಸೇರುವಲ್ಲಿ ಡಾಲ್ಫಿನ್ನುಗಳು ಕಾಣುತ್ತವೆ. ತೋರಿಕೆಗೆ ಮೀನು, ಆದರೆ ಅದು ಅಂಡಜವಲ್ಲ, ನಮ್ಮಂತೆ ಜರಾಯುಜ. ಉಸಿರಿಗಾಗಿ ನೀರಿನ ಮೇಲೆ ಬರಲೇಬೇಕು. ಸುಮಾರು ಒಂದು ವರ್ಷ ಹೊತ್ತು, ಒಂದೇ ಮರಿಯನ್ನು ಹೆತ್ತು, ಹಾಲೂಡಿ, ಮೂರು ನಾಲ್ಕು ವರ್ಷ ಮಗ್ಗುಲಲ್ಲಿಯೇ ಇಟ್ಟುಕೊಳ್ಳುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಶಿಶುಮಾರವೆಂಬ ಹೆಸರುಂಟು. ಪದ ಬಿಡಿಸಿದರೆ ಕೂಸನ್ನು ಕೊಲ್ಲುವುದು ಎಂದಾಗುತ್ತದೆ! ಹೆಸರಿಟ್ಟವರು ಇದರ ಬಾಣಂತನ ಕಂಡಿರಲಿಕ್ಕಿಲ್ಲ.

ಇನ್ನು ಘಟ್ಟದ ಕಾಡಿನಲ್ಲಿ ನಮ್ಮ ರಾಜ್ಯದ ಚಿಟ್ಟೆ ಇದೆ, ಸದರ್ನ್ ಬರ್ಡ್‌ವಿಂಗ್. ಕಪ್ಪು ಹಳದಿ ಬಣ್ಣ. ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರು. ಈ ತಾಯಿ ತನ್ನ ಮರಿಯ ಮುಖವನ್ನೇ ನೋಡುವುದಿಲ್ಲ. ತತ್ತಿಯಿಟ್ಟು ಹಾರಿಹೋಗುತ್ತದೆ. ನಿರ್ದಯಿಯೇ? ತಾಳಿರಿ. ತತ್ತಿಯಿಡುವ ಮುಂಚೆ ಮುಂಗಾಲಿನಿಂದ ಎಲೆಯನ್ನು ತಟ್ಟಿ ತಟ್ಟಿ ಪರೀಕ್ಷಿಸುತ್ತದೆ. ಚಿಟ್ಟೆಗೆ ರುಚಿ ತಿಳಿಯುವುದು ಕಾಲಿನಲ್ಲಿಯೂ ಹೌದು. ಈಶ್ವರಿ ಬಳ್ಳಿ, ಇಲ್ಲವೆ ಅದೇ ಕುಲದ ಗಿಡವೇ ಬೇಕು. ಬೇರೆ ಎಲೆಯ ಮೇಲೆ ಹುಳು ಬದುಕದು. ಆ ಎಲೆ ವಿಷ. ಅದನ್ನೇ ತಿಂದು ಬೆಳೆದ ಹುಳುವಿನ ಮೈಯಲ್ಲಿ ವಿಷ ನಿಂತು, ಮುಂದೆ ಚಿಟ್ಟೆಯಾದಾಗಲೂ ಹಕ್ಕಿಗಳಿಂದ ಕಾಯುತ್ತದೆ. ಈ ತಾಯಿಯ ಅಕ್ಕರೆಯೆಲ್ಲ ಎಲೆ ಆರಿಸುವುದರಲ್ಲಿಯೇ ಮುಗಿಯಿತು.

ನಮ್ಮ ಹಾನಗಲ್ಲ ಸೀಮೆಯಲ್ಲಿಯೇ ನೋಡಿರಿ. 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಕುರುಡು ಕೂಸು ಗದಿಗೆಯ್ಯ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯಕ್ಕೆ ಬಂದು ಸಂಗೀತ ಕಲಿತು ಪಂಚಾಕ್ಷರ ಗವಾಯಿಗಳಾದರು. 1914ರಲ್ಲಿ ಇದೇ ತಾಲ್ಲೂಕಿನಲ್ಲಿ ಹುಟ್ಟಿದ ಇನ್ನೊಬ್ಬ ಅಂಧ ಬಾಲಕನನ್ನು ಆ ಗವಾಯಿಗಳು ಬೆಳೆಸಿದರು. ಅವರೇ ಪುಟ್ಟರಾಜ ಗವಾಯಿಗಳು. ಆ ಮಕ್ಕಳನ್ನು ಬಿಟ್ಟುಕೊಟ್ಟ ಮನೆಯವರ ಎದೆ ಎಷ್ಟು ಬೆಂದಿತ್ತೋ, ಬಲ್ಲವರಾರು?

ಆದ್ದರಿಂದ, ತಾಯೀ, ನೀನು ಎಂಥ ತಾಯಿ ಎಂಬ ಸಂಶಯ ನಮಗಿಲ್ಲ. ನಾವು ಎಂಥ ಎಲೆ ಎಂಬುದೇ ನಮ್ಮ ಭಯ. ಶಿಗ್ಗಾಂವಿ, ಸವಣೂರ ಕಡೆಯಿಂದಲೂ ಮಕ್ಕಳು ಬರುತ್ತಾರೆ. ಬಿಡಲು ಬಂದವರು ನಮ್ಮ ಕಾಲಿಗೆರಗಿ ಹಾಗೆಯೇ ಹೊರಟುಬಿಡಬೇಡಿರಿ. ಅಡುಗೆಮನೆಗೆ ಹೋಗಿ ಸಾರಿನ ರುಚಿ ನೋಡಿರಿ. ಹುಡುಗರು ಮಲಗುವ ಕೋಣೆ ನೋಡಿರಿ, ಅವರನ್ನು ಒಂಟಿಯಾಗಿ ಕರೆದು ಕೇಳಿರಿ. ಮನಸ್ಸಿಗೆ ಬಾರದಿದ್ದರೆ ಟ್ರಂಕು ಎತ್ತಿಕೊಂಡು ಮಗನೊಡನೆ ಊರಿಗೆ ಹೋಗಿರಿ. ನಾವು ಬೇಸರಪಡುವುದಿಲ್ಲ.