ಬೀದಿಯಲ್ಲಿ ಬರೆದ ಚಿತ್ರ

ನಮ್ಮ ದಾಬಸ್‌ಪೇಟೆಯಿಂದ ತುಮಕೂರನ್ನು ದಾಟಿ ಶಿರಾದತ್ತ ಹೋಗುವವರು ಸೀಬಿಯ ನರಸಿಂಹ ದೇವಾಲಯದ ಛಾವಣಿಯ ವರ್ಣಚಿತ್ರಗಳನ್ನು ತಲೆಯೆತ್ತಿ ನೋಡುವುದುಂಟು. ಮೈಸೂರಿನ ಬಾದಲ್ ನಂಜುಂಡಸ್ವಾಮಿಯವರ ಕೃತಿಗಳನ್ನಾದರೋ ತಲೆ ತಗ್ಗಿಸಿಯೇ ನೋಡಬೇಕು. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ವ್ಯಾಸಂಗಮಾಡಿದ ಇವರು ಗೋಡೆಗಳ ಮೇಲೂ ಬರೆದಿರುವರು. ಆದರೆ ಕೀರ್ತಿ ತಂದುದು ರಸ್ತೆಯ ಗುಂಡಿ! 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ನೀರು ನಿಂತ ಹಳ್ಳವೊಂದರೊಳಗೆ ಮೊಸಳೆಯ ಪ್ರತಿಕೃತಿಯನ್ನಿರಿಸಿದರು, ಹಳ್ಳವು ಮುಚ್ಚಲ್ಪಟ್ಟಿತು. ತನ್ನ ಕೃತಿ ಚಿರಕಾಲ ನಿಲ್ಲಲೆಂಬುದು ಕಲಾವಿದನ ಸಹಜವಾದ ಆಸೆ. ಇವರದೋ ಅಳಿದಾಗಲೇ ಸಾರ್ಥಕ. ಇದನ್ನು ಕಾಯಕವೆನ್ನಲು ನಾನು ಹಿಂಜರಿಯೆನು. 2019ರಲ್ಲಿ ಹೇರೋಹಳ್ಳಿಯ ಹದಗೆಟ್ಟ ರಸ್ತೆಯಲ್ಲಿ ಗಗನಯಾತ್ರಿಯ ವೇಷದ ನಟನೊಬ್ಬನನ್ನು ನಡೆಯಿಸಿ ಚಿತ್ರೀಕರಿಸಿದರು. ನೋಡಿದವರು ಚಂದ್ರಲೋಕವೆಂದೇ ಭ್ರಮಿಸಿದರು; ಪಕ್ಕದಲ್ಲಿ ಆಟೋರಿಕ್ಷಾ ಹಾದುಹೋದಾಗಲೇ ಅದು ನಮ್ಮ ಬೀದಿಯೆಂದು ತಿಳಿದುದು. ಮರುದಿನವೇ ದುರಸ್ತಿಯವರು ಬಂದರು.