ಕುದುರೆಯ ಶೂಲೆ

ಕಲಬುರಗಿಯಿಂದ ಕಮಲಾಪುರ, ಹುಮನಾಬಾದುಗಳ ಮೇಲೆ ಸಾಗಿದರೆ ಕಲ್ಯಾಣ ಸಿಗುತ್ತದೆ. ಅಲ್ಲಿ ಆಳಿದ ಚಾಳುಕ್ಯರ ವಂಶದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ‘ಗೋವೈದ್ಯ’ವನ್ನು ಕನ್ನಡದಲ್ಲಿ ರಚಿಸಿದನು. ಸುಮಾರು 1400ರಲ್ಲಿ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ಬರೆದನು. ಮಾತು ಬಾರದ ರೋಗಿಗಾಗಿ ಗ್ರಂಥ ಬರೆದ ಭಾಷೆ ನಮ್ಮದು. ಇಂದು ನಾವು ಕುದುರೆಯನ್ನು ಹೆಚ್ಚಾಗಿ ಕಾಣುವುದು ಮದುವೆಯ ಮೆರವಣಿಗೆಯಲ್ಲಿ. ಆದರೆ ಅದನ್ನು ಸಾಕಿದ ಮನೆಗೆ ಅದೇ ಅನ್ನ.

ಕುದುರೆ ನೆಲ ಕೆರೆಯುತ್ತದೆ, ಬೆವರುತ್ತದೆ, ಪಕ್ಕೆಯತ್ತ ತಿರುಗಿ ತಿರುಗಿ ನೋಡುತ್ತದೆ, ಬಿದ್ದು ಹೊರಳುತ್ತದೆ. ‘ಶೂಲೆ ಹಿಡಿದಿದೆ’ ಎನ್ನುತ್ತೇವೆ. ಹೊಟ್ಟೆಗೆ ಬರೆ ಹಾಕುವವರೂ ಉಂಟು. ಶೂಲೆಯೆಂಬುದು ನೋವಿನ ಹೆಸರೇ ಹೊರತು ರೋಗದ ಹೆಸರಲ್ಲ. ಆ ಹೆಸರಿನ ಹಿಂದೆ ಅಡಗಬಹುದಾದ ರೋಗಗಳಲ್ಲೊಂದು ತೊಡೆಸಂದಿನ ಹರ್ನಿಯಾ.

ಗಂಡು ಕುದುರೆಯ ಹೊಟ್ಟೆಯಿಂದ ವೃಷಣದ ಚೀಲಕ್ಕೆ ತೊಡೆಸಂದಿನಲ್ಲಿ ಕಿರುದಾರಿಯೊಂದಿದೆ. ಮನುಷ್ಯರಲ್ಲಿ ಅದು ಸಾಮಾನ್ಯವಾಗಿ ಎಳೆತನದಲ್ಲೇ ಮುಚ್ಚಿಕೊಳ್ಳುತ್ತದೆ. ಕುದುರೆಯಲ್ಲಿ ಜೀವಮಾನವಿಡೀ ತೆರೆದಿರುತ್ತದೆ. ಬಿರುಸಾದ ಓಟದ ಅಥವಾ ಹೆಣ್ಣನ್ನು ಕೂಡಿದ ಬಳಿಕ ಸಣ್ಣ ಕರುಳಿನ ಮಡಿಕೆಯೊಂದು ಅದರೊಳಗೆ ಇಳಿದು ಸಿಕ್ಕಿಕೊಳ್ಳಬಹುದು. ಆಗ ರಕ್ತ ಸಂಚಾರ ನಿಂತು ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯತೊಡಗುತ್ತದೆ. ಎಳೆಯ ಮರಿಯಲ್ಲಿ ಹುಟ್ಟಿನಿಂದ ಬಂದ ಊತ, ಒತ್ತಿದರೆ ಒಳಸರಿಯುವಂಥದು, ಬಹುಮಟ್ಟಿಗೆ ಕೆಲವು ತಿಂಗಳಲ್ಲಿ ತಾನಾಗಿ ಮಾಯವಾಗುತ್ತದೆ. ಪ್ರಾಯದ ಕುದುರೆಯ ಮಾತು ಬೇರೆ.

ಸುಶ್ರುತನು ಮನುಷ್ಯರ ಅಂತ್ರವೃದ್ಧಿಯನ್ನು ವರ್ಣಿಸಿದ್ದಾನೆ. ಭಾರ ಎತ್ತಿದಾಗ, ಬಲಶಾಲಿಯೊಡನೆ ಸೆಣಸಿದಾಗ ಕರುಳು ಜಾರುತ್ತದೆ. ಒತ್ತಿದರೆ ಸದ್ದುಮಾಡುತ್ತ ಮೇಲೇರುತ್ತದೆ, ಬಿಟ್ಟರೆ ಮತ್ತೆ ಊದುತ್ತದೆ. ಎಷ್ಟು ಸೂಕ್ಷ್ಮ ದೃಷ್ಟಿ! ಆದರೂ ಚೀಲಕ್ಕಿಳಿದ ಕರುಳನ್ನು ಅವನು ಅಸಾಧ್ಯವೆಂದೇ ಬಗೆದನು. ಇಂದು ಅದು ಸಾಧ್ಯ, ಹೊತ್ತು ಮೀರದಿದ್ದರೆ.

ಅನುಭವಿ ಪಶುವೈದ್ಯರು ಶೂಲೆಯ ಗಂಡು ಕುದುರೆಯಲ್ಲಿ ಹಿಂಗಾಲುಗಳ ನಡುವೆ ನೋಡಲು ಮರೆಯುವುದಿಲ್ಲ. ಒಂದು ಬದಿಯ ಚೀಲ ಊದಿ, ಗಟ್ಟಿಯಾಗಿ, ಮುಟ್ಟಿದರೆ ತಣ್ಣಗಿದ್ದರೆ ಸಂದೇಹ ಬಲವಾಗುತ್ತದೆ. ಮೊದಲಲ್ಲಿ ಊತ ಕಾಣದಿರಲೂಬಹುದು. ಆದ್ದರಿಂದ ಗುದದ್ವಾರದಿಂದ ಕೈಹಾಕಿ, ಕರುಳು ಆ ಸಂದಿಗೆ ಇಳಿದಿದೆಯೇ ಎಂದು ಬೆರಳುಗಳಿಂದ ಅರಿಯುತ್ತಾರೆ. ಅಲ್ಟ್ರಾಸೌಂಡ್ ಯಂತ್ರವೂ ನೆರವಾಗುತ್ತದೆ.

ಶಸ್ತ್ರಕ್ರಿಯೆಗೆ ಕುದುರೆಗೆ ಅರಿವಳಿಕೆ ಕೊಟ್ಟು ಬೆನ್ನಮೇಲೆ ಮಲಗಿಸುತ್ತಾರೆ. ತೊಡೆಸಂದನ್ನು ಸೀಳಿ, ಕರುಳಿಗೆ ಜೀವವಿದ್ದರೆ ಒಳಗೆ ಸೇರಿಸುತ್ತಾರೆ. ಸತ್ತಿದ್ದರೆ ಆ ಭಾಗವನ್ನು ಕತ್ತರಿಸಿ ಉಳಿದ ತುದಿಗಳನ್ನು ಕೂಡಿಸಿ ಹೊಲಿಯುತ್ತಾರೆ. ಸಾಮಾನ್ಯವಾಗಿ ಆ ಬದಿಯ ವೃಷಣವನ್ನು ತೆಗೆದು, ದಾರಿಯನ್ನು ಹೊಲಿದು ಮುಚ್ಚುತ್ತಾರೆ.

ಇಲ್ಲಿಯೇ ಒಡೆಯನ ಮನಸ್ಸು ತೂಗಾಡುವುದು. ಬೀಜದ ಕುದುರೆಗೆ ಬೆಲೆ ಹೆಚ್ಚು. ವೃಷಣ ತೆಗೆಯಲು ಒಪ್ಪಬೇಕೆಂದರೆ ಅವನು ಹಿಂಜರಿಯುತ್ತಾನೆ. ಇನ್ನೊಂದು ವೃಷಣ ಉಳಿದರೆ ತಳಿಗೆ ಅದು ಸಾಲಬಹುದೆಂದು ತಿಳಿಸಿ ಹೇಳಬೇಕು. ‘ನಾಳೆ ನೋಡೋಣ’ ಎಂಬ ಮಾತಿಗೆ ಮಾತ್ರ ಇಲ್ಲಿ ಎಡೆಯಿಲ್ಲ. ಕಮಲಾಪುರದವರಿಗೆ ಬೀದರಿನ ಪಶುವೈದ್ಯಕೀಯ ಕಾಲೇಜು ಒಂದು ದಾರಿ. ಹೊರಡುವ ಮುನ್ನ ಹತ್ತಿರದ ಪಶುವೈದ್ಯರನ್ನು ಕರೆಯಬೇಕು.

ಕುದುರೆ ತನ್ನ ನೋವಿಗೆ ಹೆಸರಿಡಲಾರದು. ಆ ಹೆಸರನ್ನು ಸಕಾಲದಲ್ಲಿ ಹುಡುಕುವುದು ಸಾಕಿದವರ ಋಣ.